ವಾಲ್ವ್ ಮುಚ್ಚಿದವರು

ಫೆಬ್ರವರಿ 11, ಮಂಗಳವಾರ

ಮೀನು ಕಾರ್ಖಾನೆಯ ತಪಾಸಣೆ ಮುಗಿಸಿ ಬಂದೆ. ಕೂದಲಲ್ಲಿ ಇನ್ನೂ ಅಮೋನಿಯಾ ವಾಸನೆ. ಎರಡು ಸಲ ತೊಳೆದರೂ ಹೋಗಿಲ್ಲ.

ಆಫೀಸಿನ ತಪಾಸಣಾ ಪುಸ್ತಕದಲ್ಲಿ ಬರೆದದ್ದನ್ನು ಮನೆಗೆ ಬಂದು ಇಲ್ಲೂ ಬರೆದಿಡುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಸೇರಿಸಬಹುದು, ಅಷ್ಟೇ ವ್ಯತ್ಯಾಸ.

ಶೈತ್ಯಾಗಾರಕ್ಕೆ ಹೋಗುವ ಅಮೋನಿಯಾ ಪೈಪು ಪ್ಯಾಕಿಂಗ್ ಹಾಲಿನ ಚಾವಣಿಯ ಕೆಳಗೇ ಹಾದುಹೋಗುತ್ತದೆ. ಅದರ ಮೇಲಿನ ಥರ್ಮಾಕೋಲ್ ಹೊದಿಕೆಯನ್ನು ಒಂದು ಕಡೆ ಬಿಚ್ಚಿಸಿದೆ. ಒಳಗೆ ಪೈಪು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದೆ. ಆರು ಮಿಲಿಮೀಟರ್ ಇರಬೇಕಾದ ದಪ್ಪ ಎರಡೂವರೆಗೆ ಇಳಿದಿದೆ. ಅನಿಲ ಸೋರಿದರೆ ಕೂಗಬೇಕಾದ ಅಲಾರಮ್ಮಿನ ವೈರು ಕಿತ್ತಿದ್ದಾರೆ, ಸುಮ್ಮಸುಮ್ಮನೆ ಕೂಗುತ್ತದಂತೆ. ಹಾಲಿನ ಹಿಂಬಾಗಿಲಿಗೆ ಹೊರಗಿನಿಂದ ಬೀಗ, ಮೀನು ಕದ್ದೊಯ್ಯುತ್ತಾರೆ ಎಂದು. ಆ ಹಾಲಿನಲ್ಲಿ ಒಂದು ಪಾಳಿಗೆ ಅರವತ್ತು ಹೆಂಗಸರು ಕೆಲಸ ಮಾಡುತ್ತಾರೆ. ಯಂತ್ರದಿಂದ ಬಸಿದ ಅಮೋನಿಯಾ ನೀರನ್ನು ಸೀದಾ ಹಿಂದಿನ ಕಾಲುವೆಗೆ ಬಿಡುತ್ತಾರೆ. ಕಾಲುವೆಯ ಅಂಚಿನಲ್ಲಿ ಇನ್ನೂರು ಹೆಜ್ಜೆ ನಡೆದೆ, ಒಂದು ಹಸಿರು ಕಡ್ಡಿಯೂ ಕಾಣಲಿಲ್ಲ.

ಅಲ್ಲಿ ಯಂತ್ರದ ಕೋಣೆ ನೋಡಿಕೊಳ್ಳುವವರು ನನ್ನ ಭಾವ, ಅಕ್ಕನ ಗಂಡ. ಸಂಬಂಧಿಕರಿರುವ ಕಾರ್ಖಾನೆಗೆ ಬೇರೆಯವರನ್ನು ಕಳಿಸಿ ಎಂದು ಪ್ರತಿ ವರ್ಷ ಬರೆಯುತ್ತೇನೆ. ಮೂರು ಜಿಲ್ಲೆಗೆ ಇರುವ ಸುರಕ್ಷತಾ ಅಧಿಕಾರಿಗಳೇ ಇಬ್ಬರು. ಇನ್ನೊಬ್ಬರು ಬೆನ್ನುನೋವಿನ ರಜೆಯ ಮೇಲೆ ಹೋಗಿ ಒಂಬತ್ತು ತಿಂಗಳಾಯಿತು.

ಇಲ್ಲಿ ಮಾತ್ರ ಬರೆಯುವಂಥದ್ದು ಒಂದಿದೆ. ನಾನು ಬೇರೆಲ್ಲೋ ಹೊದಿಕೆ ಬಿಚ್ಚಿಸಲು ಹೊರಟಾಗ ಭಾವ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು. "ಅಲ್ಲಲ್ಲ ಮೇಡಮ್ಮ, ನಾಲ್ಕಡಿ ಆಚೆ ಬಿಚ್ಸು. ನಾನು ಹೇಳ್ದೆ ಅಂತ ಮಾತ್ರ ಬರೀಬೇಡ." ನಾನು ಕೆಲಸಕ್ಕೆ ಸೇರಿದ ದಿನದಿಂದ ಅವರು ನನ್ನನ್ನು ಮೇಡಮ್ಮ ಎಂದೇ ಕರೆಯುವುದು. ಮೂವತ್ತು ವರ್ಷದಿಂದ ಆ ಯಂತ್ರಗಳ ಜೊತೆಗಿದ್ದಾರೆ. ಗೇಜು ನೋಡದೆ, ಸದ್ದು ಕೇಳಿ ಒತ್ತಡ ಹೇಳುತ್ತಾರೆ.

ನಾಳೆಯೇ ನೋಟಿಸ್. ಪೈಪು ಬದಲಾಯಿಸುವವರೆಗೆ ಕಾರ್ಖಾನೆ ಮುಚ್ಚಬೇಕು. ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ.

ಫೆಬ್ರವರಿ 16, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ನೋಟಿಸಿನ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಅಕ್ಕನ ಮಗಳೂ ಅದೇ ಕಾರ್ಖಾನೆಯವಳು, ಗೇಟಿನ ಬಳಿಯ ತೂಕದ ಕಟ್ಟೆಯಲ್ಲಿ ಲಾರಿಗಳ ತೂಕ ಬರೆದುಕೊಳ್ಳುತ್ತಾಳೆ.

"ನೀನು ಕಾರ್ಖಾನೆ ಮುಚ್ಸಿದ್ರೆ ಇವರು ಮನೇಲಿ ಕೂತು ನನ್ನ ಅಡುಗೆಮನೆ ತಪಾಸಣೆ ಮಾಡ್ತಾರೆ. ಅದಕ್ಕೆ ಯಾರು ನೋಟಿಸ್ ಕೊಡ್ತಾರೆ?" ಎಂದಳು ಅಕ್ಕ.

"ಹದಿನೈದು ದಿನ ಮುಚ್ಚಲಿ ಬಿಡೇ. ಆ ಪೈಪ್ ಕೆಳಗೆ ಹಾದುಹೋಗುವಾಗೆಲ್ಲ ನಾನೇ ತಲೆ ತಗ್ಗಿಸಿಕೊಂಡು ಹೋಗ್ತೀನಿ," ಎಂದರು ಭಾವ.

ಅಕ್ಕನ ಮಗಳು ನಕ್ಕಳು. "ತಲೆ ತಗ್ಗಿಸಿದ್ರೆ ಗ್ಯಾಸ್ ಮೇಲಿಂದ ಹೋಗುತ್ತಾ ಅಪ್ಪ? ಚಿಕ್ಕಮ್ಮ, ಇವರಿಗೆ ಮೊದಲು ಟ್ರೈನಿಂಗ್ ಕೊಡು ನೀನು."

ಎಲ್ಲರೂ ನಕ್ಕೆವು. ನನಗೆ ಮದುವೆಯಾಗಿಲ್ಲ, ಮನೆ ಎಂದರೆ ನನಗೂ ಇದೇ. ಡಿಪ್ಲೊಮಾ ಓದುವಾಗ ಗಣಿತದಲ್ಲಿ ಎರಡು ಸಲ ಬಿದ್ದೆ. ಮೂರನೇ ಸಲ ಪರೀಕ್ಷೆಯ ಹಾಲಿನವರೆಗೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ, ಮುಗಿಯುವವರೆಗೂ ಹೊರಗೆ ನಿಂತಿದ್ದವರು ಭಾವ.

ಫೆಬ್ರವರಿ 20, ಗುರುವಾರ

ನೋಟಿಸ್ ಹೋಗಿಲ್ಲ. ದೊಡ್ಡ ಸಾಹೇಬರ ಮೇಜಿನ ಮೇಲೆಯೇ ಕೂತಿದೆ.

ಸಾಹೇಬರು ಕೆಟ್ಟವರಲ್ಲ. ಎಂದೂ ದನಿ ಎತ್ತಿದವರಲ್ಲ. ಕುಳಿತುಕೊಳ್ಳಲು ಹೇಳಿ, ಚಹಾ ತರಿಸಿ, ಆಮೇಲೆ ಮಾತು ತೆಗೆದರು. "ಕಾರ್ಖಾನೆ ಯಾರದ್ದು ಗೊತ್ತಲ್ಲಮ್ಮ?"

ಗೊತ್ತು. ಮಂತ್ರಿಯ ತಮ್ಮನದು. ಏಪ್ರಿಲ್ ಕೊನೆಯಲ್ಲಿ ಚುನಾವಣೆ.

"ನಿಮ್ಮ ಕೆಲಸಕ್ಕೆ ಯಾರೂ ಅಡ್ಡ ಬರ್ತಿಲ್ಲ. ಆದ್ರೆ ಮುಚ್ಚುವ ನೋಟಿಸ್ ಅಂದ್ರೆ ಮೇಲಿನವರಿಗೆ ನಾನು ಉತ್ತರ ಹೇಳ್ಬೇಕು. ಸಲಹಾ ಪತ್ರ ಅಂತ ಮಾಡಿ. ವಿಷಯ ಅದೇ ಇರಲಿ, ಭಾಷೆ ಸ್ವಲ್ಪ ಮೃದು ಆಗ್ಲಿ."

ಒಂದು ಗಂಟೆ ವಾದಿಸಿದೆ. ಎರಡೂವರೆ ಮಿಲಿಮೀಟರ್ ಎಂಬ ಸಂಖ್ಯೆಯನ್ನು ತೆಗೆಯಲು ಒಪ್ಪಲಿಲ್ಲ, ಅದು ಉಳಿಯಿತು. 'ತಕ್ಷಣ' ಎಂದಿದ್ದದ್ದು 'ಆದಷ್ಟು ಬೇಗ' ಎಂದಾಯಿತು. ಮೂಲ ನೋಟಿಸಿನ ಒಂದು ಪ್ರತಿಯನ್ನು ಮನೆಗೆ ತಂದು ಬೀರುವಿನಲ್ಲಿ ಇಟ್ಟಿದ್ದೇನೆ.

ಸಂಖ್ಯೆ ಉಳಿದಿರುವುದೇ ಮುಖ್ಯ.

ಮಾರ್ಚ್ 6, ಗುರುವಾರ

ಹೊಸ ನಿಯಮ ಬಂತು. ಹೆಸರು 'ನಂಬಿಕೆ ನೀತಿ'. ಇನ್ನು ಮುಂದೆ ಮೇಲಿನಿಂದ ಅನುಮತಿ ಪಡೆಯದೆ ನಾವು ಯಾವ ಕಾರ್ಖಾನೆಯ ಒಳಗೂ ಕಾಲಿಡುವಂತಿಲ್ಲ. ಎಲ್ಲವೂ ಸರಿಯಾಗಿದೆ ಎಂದು ಮಾಲೀಕರೇ ಘೋಷಣಾ ಪತ್ರ ಬರೆದುಕೊಡುತ್ತಾರೆ, ನಾವು ಸ್ವೀಕರಿಸಬೇಕು. ಹೊರಗೆ ಬಿಡುವ ನೀರಿಗೂ ಅದೇ ಪತ್ರ, ಹೊಗೆಗೂ ಅದೇ ಪತ್ರ.

ಟೀವಿಯಲ್ಲಿ ಮಂತ್ರಿ, "ಅಧಿಕಾರಿಗಳ ಕಾಟದಿಂದ ಉದ್ಯಮಕ್ಕೆ ಬಿಡುಗಡೆ ಕೊಟ್ಟಿದ್ದೇವೆ," ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಯಾರಿಗೆ ಕಾಟ ಕೊಟ್ಟೆ ಎಂದು ಲೆಕ್ಕ ಹಾಕುತ್ತ ಕುಳಿತೆ.

ಮಾರ್ಚ್ 7, ಶುಕ್ರವಾರ

ತಪಾಸಣಾ ಪುಸ್ತಕವನ್ನು ಉಗ್ರಾಣಕ್ಕೆ ಒಪ್ಪಿಸಿದೆ. ದಪ್ಪ ಅಳೆಯುವ ಉಪಕರಣವನ್ನೂ ಕೇಳಿದರು. ಅದು ರಿಪೇರಿಗೆ ಹೋಗಿದೆ ಎಂದು ಸುಳ್ಳು ಹೇಳಿ ನನ್ನ ಚೀಲದಲ್ಲೇ ಇಟ್ಟುಕೊಂಡೆ.

ಮಾರ್ಚ್ 19, ಬುಧವಾರ

ಇವತ್ತು ಒಂದೇ ದಿನ ಮೂವತ್ತಾರು ಘೋಷಣಾ ಪತ್ರ. ಮೀನು ಕಾರ್ಖಾನೆಯದ್ದನ್ನು ಅದರ ಮ್ಯಾನೇಜರೇ ಕೈಯಾರೆ ತಂದಿದ್ದ. ಹೆಣ ಹೊರುವಾಗಲೂ ಆ ಮುಖದಲ್ಲಿ ನಗು ಆರಲಿಕ್ಕಿಲ್ಲ. ನಲವತ್ತೆರಡು ಪ್ರಶ್ನೆಗೂ 'ಹೌದು' ಎಂದು ಗುರುತು ಹಾಕಿತ್ತು. ಪೈಪು ಸುಸ್ಥಿತಿಯಲ್ಲಿದೆಯೇ, ಹೌದು. ತುರ್ತು ಬಾಗಿಲು ತೆರೆದಿದೆಯೇ, ಹೌದು. ಜೊತೆಗೆ ಫಳಫಳ ಹೊಳೆಯುವ ಪೈಪಿನ ಫೋಟೋ.

ಭಾವನಿಗೆ ಫೋನ್ ಮಾಡಿದೆ.

"ಪೈಪ್ ಬದಲಾಯಿಸಿದ್ರಾ ಭಾವ?"

"ಬಣ್ಣ ಬದಲಾಯಿಸಿದಾರೆ. ನೀಲಿ. ನೋಡೋಕೆ ಚೆನ್ನಾಗಿದೆ."

ಮ್ಯಾನೇಜರ್ ಎದುರಿಗೇ ಕುಳಿತಿದ್ದ. ಒಳಗೆ ಹೋಗಿ ಸಾಹೇಬರನ್ನು ಕೇಳಿದೆ, ತಪಾಸಣೆಗೆ ಅನುಮತಿ ಕೊಡಿಸಿ ಎಂದು. ಅರ್ಜಿ ಬರೆದುಕೊಡಿ, ಕಳಿಸುತ್ತೇನೆ ಎಂದರು. ಬರೆದುಕೊಟ್ಟೆ. ಹೊರಗೆ ಬಂದು ಪತ್ರದ ಮೇಲೆ 'ಸ್ವೀಕರಿಸಿದೆ' ಎಂದು ಮುದ್ರೆ ಒತ್ತಿ ಸಹಿ ಮಾಡಿದೆ. ಸ್ವೀಕರಿಸಿದೆ ಎಂದರೆ ಒಪ್ಪಿದೆ ಎಂದಲ್ಲ. ಅಂಚೆಯವರು ಕಾಗದ ಕೊಟ್ಟಾಗ ಸಹಿ ಮಾಡುವುದಿಲ್ಲವೇ, ಹಾಗೆ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅಕ್ಕನ ಮಗಳ ಫೋನು. "ಚಿಕ್ಕಮ್ಮ, ಪೈಪ್ ಹೋಯ್ತು," ಎಂದಳು. ಅಷ್ಟೇ.

ನಾನು ಹೋಗುವಷ್ಟರಲ್ಲಿ ಹೆಂಗಸರು ರಸ್ತೆಯ ಅಂಚಿನಲ್ಲಿ ಸಾಲಾಗಿ ಕುಳಿತು ಕೆಮ್ಮುತ್ತಿದ್ದರು. ಪಕ್ಕದ ಮರದ ಮಿಲ್ಲಿನವರು ಕೊಡಗಳಲ್ಲಿ ನೀರು ತಂದು ಅವರ ಮುಖಕ್ಕೆ ಹೊಯ್ಯುತ್ತಿದ್ದರು. ಹಾಲಿನ ಮುಂಬಾಗಿಲ ಕಡೆ ಬಿಳಿ ಮೋಡದಂತೆ ಅನಿಲ. ಹಿಂಬಾಗಿಲಿಗೆ ಬೀಗ. ಕ್ರೇಟು ಸಾಗಿಸುವ ತಳ್ಳುಗಾಡಿಯಿಂದ ಆ ಬಾಗಿಲನ್ನು ಗುದ್ದಿ ಒಡೆದರಂತೆ, ಆರೇಳು ನಿಮಿಷ ಹಿಡಿಯಿತಂತೆ. ಬಾಗಿಲ ಹತ್ತಿರವೇ ಇಬ್ಬರು ಸತ್ತಿದ್ದರು. ಒಬ್ಬರು ಐವತ್ತು ದಾಟಿದವರು, ಇನ್ನೊಬ್ಬಳು ಹೋದ ತಿಂಗಳು ಕೆಲಸಕ್ಕೆ ಸೇರಿದವಳು.

ಭಾವ ಹೊರಗೆ ಬಂದಿದ್ದರಂತೆ. ಅನಿಲ ನಿಲ್ಲದ್ದನ್ನು ನೋಡಿ ಒದ್ದೆ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಮತ್ತೆ ಒಳಗೆ ಹೋದರಂತೆ. ಮುಖ್ಯ ವಾಲ್ವು ಬಿಗಿದುಕೊಂಡಿತ್ತು, ಪಾನಾ ಹಾಕಿ ತಿರುಗಿಸಿ ಮುಚ್ಚಿದರು. ಅದಾದ ಮೇಲೆಯೇ ಮೋಡ ತೆಳುವಾದದ್ದು ಎಂದು ಎಲ್ಲರೂ ಹೇಳುತ್ತಾರೆ.

ನಾನು ನೋಡಿದಾಗ ಅವರನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ಕಣ್ಣು ತೆರೆದಿದ್ದವು. ನಾನು ಎದುರಿಗೇ ನಿಂತಿದ್ದೆ. ನನ್ನ ಗುರುತು ಹತ್ತಲಿಲ್ಲ.

ಏಪ್ರಿಲ್ 3, ಗುರುವಾರ

ಬರೆಯಲಾರೆ.

ಏಪ್ರಿಲ್ 9, ಬುಧವಾರ

ಆಸ್ಪತ್ರೆ. ಎರಡೂ ಕಣ್ಣು ಹೋಗಿವೆ. ಡಾಕ್ಟರು ಅಕ್ಕನಿಗೆ ಹೇಳುವ ಧೈರ್ಯ ಸಾಲದೆ ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಒಳಗೆ ಹೋಗಿ ಹೇಳಿದೆ. ಅಕ್ಕ ಆಗಲೇ ತಿಳಿದುಕೊಂಡಿದ್ದಳು. ತಟ್ಟೆಯಲ್ಲಿ ಯಾವ ಕಡೆ ಏನಿದೆ ಎಂದು ಭಾವನ ಬೆರಳು ಹಿಡಿದು ತೋರಿಸಿಕೊಡುತ್ತಿದ್ದಳು.

ಭಾವನ ಗಂಟಲು ಸುಟ್ಟಿದೆ. ದನಿ ಉಜ್ಜುಕಾಗದ ಉಜ್ಜಿದಂತೆ ಬರುತ್ತದೆ.

"ಮೇಡಮ್ಮ, ನಾಲ್ಕಡಿ ಆಚೆ ಅಂದಿದ್ನಲ್ಲ, ಅಲ್ಲೇ ಒಡೀತು."

"ಮಾತಾಡ್ಬೇಡಿ ಭಾವ."

"ವರದಿ ನೀನೇ ತಾನೆ ಬರೆಯೋದು? ಇಬ್ಬರು ಹೋದ್ರು. ನಾನು ಇನ್ನೂ ಸ್ವಲ್ಪ ಮುಂಚೆ ಒಳಗೆ ಹೋಗಿದ್ರೆ ಉಳೀತಿದ್ರೇನೋ. ಆದ್ರೂ ವಾಲ್ವ್ ಮುಚ್ಚಿದೆ. ಅದೊಂದು ಬರಿ."

ಬರೆಯುತ್ತೇನೆ ಎಂದೆ.

ಏಪ್ರಿಲ್ 16, ಬುಧವಾರ

ತನಿಖಾ ಸಮಿತಿ ರಚನೆಯಾಯಿತು. ಅಧ್ಯಕ್ಷರು ದೊಡ್ಡ ಸಾಹೇಬರು. ವರದಿಯ ಕರಡು ನನ್ನದು.

ಯಂತ್ರದ ನಿರ್ವಾಹಕರು ನನ್ನ ಭಾವ, ನಾನು ಬರೆಯುವುದು ಸರಿಯಲ್ಲ ಎಂದೆ.

"ಅದಕ್ಕೇ ನೀವು ಬರೀಬೇಕು," ಎಂದರು ಸಾಹೇಬರು. "ನೀವು ಬರೆದ್ರೆ ಕಾರ್ಮಿಕರ ವಿರುದ್ಧ ಬರೆದ್ರು ಅಂತ ಯಾರೂ ಬಾಯಿ ಬಿಡಲ್ಲ."

ಏನು ಬರೆಯಬೇಕು ಎಂಬುದು ಆ ಮಾತಿನಲ್ಲೇ ಇತ್ತು. ಕಡತ ತರಿಸಿದೆ. ಫೆಬ್ರವರಿಯ ನೋಟಿಸ್ ಅದರಲ್ಲಿಲ್ಲ. ಸಲಹಾ ಪತ್ರವೂ ಇಲ್ಲ, ತಪಾಸಣೆಗೆ ಅನುಮತಿ ಕೋರಿದ ನನ್ನ ಅರ್ಜಿಯೂ ಇಲ್ಲ. ಇರುವುದು ಘೋಷಣಾ ಪತ್ರ, ನಲವತ್ತೆರಡು ಹೌದುಗಳು, ಕೆಳಗೆ ನನ್ನ ಸಹಿ.

ಸಾಹೇಬರು ಆ ಸಹಿಯ ಮೇಲೆ ಬೆರಳಿಡಲಿಲ್ಲ, ಪುಟವನ್ನು ನನ್ನ ಕಡೆ ತಿರುಗಿಸಿದರು, ಅಷ್ಟೇ. "ಪೈಪ್ ಕೆಟ್ಟಿತ್ತು ಅಂತಾದ್ರೆ, ಕೆಟ್ಟಿರೋದು ಗೊತ್ತಿದ್ದೂ ಸ್ವೀಕರಿಸಿದ್ದು ಯಾರು ಅಂತ ಕೇಳ್ತಾರಮ್ಮ. ನಿಮಗೆ ಇನ್ನು ಆರು ವರ್ಷ ಸರ್ವಿಸ್ ಇದೆ. ನನಗೆ ನಿಮ್ಮದೇ ಚಿಂತೆ."

ಮನೆಯಲ್ಲಿ ಪ್ರತಿ ಇದೆ ಎಂದು ಹೇಳಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ. ಸರಿಯಾದ ಹೊತ್ತಿನಲ್ಲಿ ಹೇಳಬೇಕು.

ಏಪ್ರಿಲ್ 21, ಸೋಮವಾರ

ಅಕ್ಕನ ಮಗಳು ಬಂದಿದ್ದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು.

"ಚಿಕ್ಕಮ್ಮ, ಆ ನೋಟಿಸಿನ ಕಾಪಿ ನಿನ್ನ ಹತ್ರ ಇದೆ ಅಲ್ವಾ? ಪೇಪರಿನವರಿಗೆ ಕೊಡೋಣ. ನಾನೇ ತಗೊಂಡು ಹೋಗ್ತೀನಿ. ನಿನ್ನ ಹೆಸರು ಹೇಳಲ್ಲ."

ಕೆಳಗೆ ನನ್ನದೇ ಸಹಿ ಇದೆ, ಹೆಸರು ಹೇಳದಿದ್ದರೂ ಅಷ್ಟೇ ಎಂದೆ. ಸಮಿತಿಯ ಮುಂದೆ ಕ್ರಮವಾಗಿ ಇಟ್ಟರೆ ಅದಕ್ಕೆ ತೂಕ ಬರುತ್ತದೆ, ಈಗ ಬೀದಿಗೆ ತಂದರೆ ರಾಜಕೀಯವಾಗುತ್ತದೆ ಎಂದು ಬಿಡಿಸಿ ಹೇಳಿದೆ. ಸಮಯ ಬರಬೇಕು ಎಂದೆ.

"ಯಾವಾಗ ಬರುತ್ತೆ ಅದು?"

ಚಹಾ ಮಾಡಿಕೊಟ್ಟೆ. ಕುಡಿಯದೆ ಹೋದಳು. ವಯಸ್ಸಿನ ಬಿಸಿ. ಆಡಳಿತದ ರೀತಿ ಅವಳಿಗೆ ತಿಳಿಯದು.

ಏಪ್ರಿಲ್ 29, ಮಂಗಳವಾರ

ಮಂತ್ರಿಯವರೇ ಗೆದ್ದರು, ಹೋದ ಸಲಕ್ಕಿಂತ ಹೆಚ್ಚಿನ ಅಂತರದಲ್ಲಿ. ಗೆದ್ದ ಮೇಲೆ ಆಸ್ಪತ್ರೆಗೂ ಬಂದು ಹೋದರಂತೆ. ಹಾಸಿಗೆಯಲ್ಲಿದ್ದವರ ಕೈ ಹಿಡಿದುಕೊಂಡ ಫೋಟೋ ಪತ್ರಿಕೆಯಲ್ಲಿದೆ. ಯಾರು ಕೈ ಹಿಡಿದದ್ದು ಎಂದು ಭಾವನಿಗೆ ಆಮೇಲೆ ಅಕ್ಕ ಹೇಳಬೇಕಾಯಿತಂತೆ.

ಕರಡಿನ ಮೂರನೇ ತಿದ್ದುಪಡಿ ಮುಗಿಯಿತು. 'ಸ್ಫೋಟ' ಎಂಬುದನ್ನು 'ಘಟನೆ' ಎಂದು ಮಾಡಿದ್ದೇವೆ. ಪೈಪು ಒಡೆದ ಕಾರಣ ಖಚಿತವಾಗಿ ಹೇಳಲಾಗದು ಎಂಬ ವಾಕ್ಯ ಇದೆ. ಅದು ಸುಳ್ಳೇನಲ್ಲ, ತಾಂತ್ರಿಕವಾಗಿ ಯಾವುದನ್ನೂ ನೂರಕ್ಕೆ ನೂರು ಖಚಿತವಾಗಿ ಹೇಳಲಾಗದು. ನಿರ್ವಾಹಕನು ಗಾಬರಿಯಲ್ಲಿ ಬೇರೆ ವಾಲ್ವ್ ತಿರುಗಿಸಿದ್ದರಿಂದ ಒತ್ತಡ ಏರಿರುವ ಸಾಧ್ಯತೆ ಇದೆ ಎಂಬುದನ್ನು ಸಾಹೇಬರು ಸೇರಿಸಿದರು. 'ಸಾಧ್ಯತೆ' ಎಂಬ ಪದಕ್ಕಾಗಿ ನಾನು ಬಹಳ ಹೊತ್ತು ಹಟ ಹಿಡಿದೆ. ಮೊದಲು ಅವರು 'ಖಚಿತ' ಎಂದೇ ಹಾಕಿದ್ದರು.

ನಿರ್ವಾಹಕನ ಹೇಳಿಕೆಯನ್ನು ಪಡೆದಿಲ್ಲ. ಆರೋಗ್ಯ ಸರಿಯಿಲ್ಲದವರನ್ನು ತೊಂದರೆಪಡಿಸುವುದು ಬೇಡವೆನ್ನಿಸಿತು.

ಮೇ 5, ಸೋಮವಾರ

ವರದಿಗೆ ಸಹಿಯಾಯಿತು. ಬಹಳ ದಿನಗಳ ಮೇಲೆ ಬೆನ್ನು ನೆಟ್ಟಗಾಯಿತು.

ಬೀರುವಿನಲ್ಲಿದ್ದ ಆ ಹಳೆಯ ಪ್ರತಿಯನ್ನು ಸಾಹೇಬರಿಗೆ ಕೊಟ್ಟೆ, ಕಡತದಲ್ಲಿ ಸೇರಿಸಲಿ ಎಂದು. ಸರ್ಕಾರಿ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗಿದ್ದರೂ ತಪ್ಪು. ಅವರು ಅದನ್ನು ಓದದೆ ಡ್ರಾಯರಿಗೆ ಹಾಕಿದರು. ಅಳತೆಯ ಉಪಕರಣವನ್ನೂ ಉಗ್ರಾಣಕ್ಕೆ ಮರಳಿಸಿದೆ.

ಕಾರ್ಖಾನೆ ಹದಿನೆಂಟಕ್ಕೆ ಮತ್ತೆ ತೆರೆಯುತ್ತದಂತೆ. ಹೆಂಗಸರು ಗೇಟಿನ ಮುಂದೆ ದಿನಾ ಬಂದು ನಿಲ್ಲುತ್ತಿದ್ದರು, ಯಾವಾಗ ತೆರೆಯುತ್ತೀರಿ ಎಂದು. ಅವರಿಗೂ ಕೆಲಸ ಬೇಕಲ್ಲ. ಎಲ್ಲರನ್ನೂ ನೋಡಿ ನಡೆಯಬೇಕಾಗುತ್ತದೆ.

ಮೇ 11, ಭಾನುವಾರ

ಭಾವ ಮನೆಗೆ ಬಂದು ನಾಲ್ಕು ದಿನವಾಯಿತು. ನಾನು ಇವತ್ತು ಹೋದೆ. ಅಕ್ಕ ಬಾಗಿಲು ತೆರೆದು, ಬಾ ಎಂದೂ ಅನ್ನದೆ ಹಿತ್ತಲಿಗೆ ಬಟ್ಟೆ ಒಗೆಯಲು ಹೋದಳು. ಬಟ್ಟೆಯ ರಾಶಿ ದೊಡ್ಡದಿತ್ತು.

ಭಾವ ಕುರ್ಚಿಯಲ್ಲಿ ಕುಳಿತಿದ್ದರು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದರು.

"ಮೇಡಮ್ಮ ಬಂದ್ಯಾ? ವರದಿ ಆಯ್ತಂತಲ್ಲ. ತಂದಿದ್ರೆ ಓದು. ಅಮ್ಮ ಮಗಳು ಇಬ್ಬರನ್ನ ಕೇಳಿದ್ರೂ ಇನ್ನೂ ಬಂದಿಲ್ಲ ಅಂತಾರೆ."

ಚೀಲದಲ್ಲಿ ವರದಿಯ ಒಂದು ಪ್ರತಿ ಇತ್ತು. ತೆಗೆದೆ. ಮೊದಲ ಪುಟ, ದಿನಾಂಕ, ಸಮಿತಿಯ ಸದಸ್ಯರ ಹೆಸರು, ಇದ್ದದ್ದನ್ನು ಇದ್ದಂತೆಯೇ ಓದಿದೆ. ಎರಡನೇ ಪುಟಕ್ಕೆ ಬಂದಾಗ ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು. ನನ್ನ ಬಾಯಿಂದ ಬೇರೆಯೇ ವಾಕ್ಯಗಳು ಬಂದವು. ಪೈಪಿನ ದಪ್ಪ ಎರಡೂವರೆ ಮಿಲಿಮೀಟರ್ ಇತ್ತೆಂದು ಫೆಬ್ರವರಿ ಹನ್ನೊಂದರಂದೇ ತಿಳಿಸಲಾಗಿತ್ತು. ಹಿಂಬಾಗಿಲಿಗೆ ಬೀಗ ಹಾಕಿತ್ತು. ಅಲಾರಂ ಕೆಲಸ ಮಾಡುತ್ತಿರಲಿಲ್ಲ. ಅಮೋನಿಯಾ ನೀರನ್ನು ಕಾಲುವೆಗೆ ಬಿಡುತ್ತಿದ್ದರು. ಎಲ್ಲೂ ತಡವರಿಸಲಿಲ್ಲ. ಪುಟ ತಿರುಗಿಸುವ ಸದ್ದನ್ನೂ ಸರಿಯಾದ ಜಾಗದಲ್ಲಿ ಮಾಡಿದೆ.

"ವಾಲ್ವ್?"

"ನಿರ್ವಾಹಕರು ಪ್ರಾಣದ ಹಂಗು ತೊರೆದು ಒಳಗೆ ಹೋಗಿ ಮುಖ್ಯ ವಾಲ್ವನ್ನು ಮುಚ್ಚಿದ್ದರಿಂದ ಹೆಚ್ಚಿನ ಸಾವು ತಪ್ಪಿತು," ಎಂದು ಓದಿದೆ.

ಭಾವ ಹಿಂದಕ್ಕೆ ಒರಗಿ ಕುಳಿತರು. "ಹಂಗು ಗಿಂಗು ಎಲ್ಲ ಯಾಕೆ ಹಾಕ್ದೆ," ಎಂದರು ಆಮೇಲೆ. ನಾಚಿಕೊಂಡಿದ್ದರು. "ಮಂತ್ರಿ ತಮ್ಮನ ಕಾರ್ಖಾನೆ ಮೇಲೆ ಇಷ್ಟೆಲ್ಲ ಬರೆದಿದೀಯ. ನಿನಗೇನೂ ತೊಂದರೆ ಆಗಲ್ಲ ತಾನೆ?"

ಆಗಲ್ಲ ಎಂದೆ.

"ಕಾಗದ ಇಲ್ಲೇ ಬಿಟ್ಟು ಹೋಗು. ಮಗಳ ಹತ್ರ ಇನ್ನೊಂದ್ಸಲ ಓದಿಸ್ಕೋತೀನಿ."

ಸೀಲು ಹಾಕಿಸಬೇಕು, ಆಮೇಲೆ ತಂದುಕೊಡುತ್ತೇನೆ ಎಂದು ವಾಪಸು ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತ್ತು. ಅಕ್ಕ ಕೇಳಿಸಿಕೊಂಡಿರಬಹುದು.

ಅವರ ಮನಸ್ಸಿಗೆ ಸಮಾಧಾನವಾಯಿತು. ಬೇರೆ ಯಾರು ಅದನ್ನು ಕೊಡುತ್ತಿದ್ದರು?

ಮೇ 14, ಬುಧವಾರ

ಊಟದ ಹೊತ್ತಿಗೆ ಅಕ್ಕನ ಮಗಳು ಆಫೀಸಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಕುಳಿತೆವು.

ವರದಿಯನ್ನು ಕಾರ್ಖಾನೆಯ ಗೇಟಿಗೆ ಅಂಟಿಸಿದ್ದಾರಂತೆ. ಹೋದ ವಾರವೇ ಎಲ್ಲರೂ ಓದಿದ್ದಾರೆ.

"ಸತ್ತುಹೋದ್ಲಲ್ಲ ಚಿಕ್ಕ ಹುಡುಗಿ, ಅವರಮ್ಮ ನಿನ್ನೆ ನಮ್ಮನೆ ಮುಂದೆ ಬಂದು ನಿಂತಿದ್ರು," ಎಂದಳು. "ಬೈಲಿಲ್ಲ. ಕಿಟಕಿ ಕಡೆ ನೋಡ್ತಾ ನಿಂತಿದ್ರು, ಹೋದ್ರು. ಯಾರು ಬಂದಿದ್ದು ಅಂತ ಅಪ್ಪ ಕೇಳಿದ್ರು. ಹಾಲಿನವರು ಅಂತ ಅಮ್ಮ ಹೇಳಿದ್ರು."

ನಾನು ಸಮಿತಿಯ ಒತ್ತಡಗಳನ್ನು ಹೇಳತೊಡಗಿದೆ. 'ಸಾಧ್ಯತೆ' ಎಂಬ ಪದದ ವಿಷಯ ಹೇಳಿದೆ. ಅವಳು ಮುಗಿಯುವವರೆಗೂ ಕೇಳಿಸಿಕೊಂಡಳು. ಜಗಳಕ್ಕೆ ಬಂದಿರಲಿಲ್ಲ.

"ಅಪ್ಪ ದಿನಾ ಕೇಳ್ತಾರೆ, ಆ ಕಾಗದ ಬಂತಾ ಓದು ಅಂತ. ನೀವು ಭಾನುವಾರ ಏನು ಓದಿದ್ರಿ ಅಂತ ನನಗೆ ಗೊತ್ತಿಲ್ಲ. ಅಮ್ಮ ಅರ್ಧ ಕೇಳಿದಾರೆ, ಅಷ್ಟೇ. ನಾನು ಬೇರೆ ಏನಾದ್ರೂ ಓದಿದ್ರೆ ಅವರಿಗೆ ಅನುಮಾನ ಬರುತ್ತೆ. ನೀವು ಓದಿದ್ದನ್ನೇ ಬರ್ಕೊಡಿ. ನಾನೂ ಅದನ್ನೇ ಓದ್ತೀನಿ."

ಆಫೀಸಿನ ಕಾಗದ ತಂದು ಅಲ್ಲೇ ತೊಡೆಯ ಮೇಲೆ ಇಟ್ಟುಕೊಂಡು ಬರೆದೆ. ಪೈಪು, ನೋಟಿಸು, ಅಲಾರಂ, ಬೀಗ, ಕಾಲುವೆ, ವಾಲ್ವು. ಮೂರೂವರೆ ಪುಟವಾಯಿತು. ಒಂದು ಪದವನ್ನೂ ತಿದ್ದಬೇಕಾಗಲಿಲ್ಲ. ಅಭ್ಯಾಸಬಲದಿಂದ ಕೊನೆಯಲ್ಲಿ ಹೆಸರು, ಹುದ್ದೆ ಬರೆದು ಸಹಿಗೆ ಪೆನ್ನು ಇಟ್ಟೆ.

"ಅದು ಬೇಡ," ಎಂದಳು. "ಅಪ್ಪಂಗೆ ಕಾಣಲ್ಲ."

ಅದೂ ಸರಿ ಅನ್ನಿಸಿತು. ಮಡಚಿ ಕೊಟ್ಟೆ.